ಕಾರಿಗೆ ಗಂಜಿ ಹಾಕಿದ ಅತ್ತೆ

ನಿನ್ನೆ ಬೆಳಗ್ಗೆ ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ ಗಂಜಿ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಸೌಟು ಹಿಡಿದು ಎದುರಿಗೇ ನಿಂತಿದ್ದವನು ನಾನು. ಉಕ್ಕುವ ಹೊತ್ತಿಗೆ ಸರಿಯಾಗಿ ಕಿಟಕಿಯಾಚೆ ನೋಡುತ್ತಿದ್ದೆ. ಸೀದ ಗಂಜಿಯ ವಾಸನೆ ಕಾಂಪೌಂಡು ದಾಟಿತು. ಪಕ್ಕದ ಮನೆಯಾಕೆ ಇಣುಕಿ, "ಯಾವ ಸೀರೆಗೆ ಗಂಜಿ, ಸಾರ್?" ಎಂದಳು. "ಸೀರೆಗಲ್ಲಮ್ಮ, ಕಾರಿಗೆ" ಎಂದೆ. ಮೇಷ್ಟ್ರ ಹಾಸ್ಯಕ್ಕೆ ನಗದಿದ್ದರೆ ಅವರು ಬೇಸರಪಟ್ಟುಕೊಳ್ಳುತ್ತಾರೆ ಎಂಬ ಮರ್ಯಾದೆಗೆ ಆಕೆ ನಕ್ಕು ಒಳಗೆ ಹೋದಳು.

ನೀವೂ ಹಾಗೆಯೇ ನಕ್ಕಿರಬಹುದು. ಆದರೆ ನಾನು ಹೇಳಿದ್ದು ನಿಜ. ನಂಬಿಕೆ ಬರಬೇಕಾದರೆ ಐದು ವರ್ಷ ಹಿಂದಕ್ಕೆ, ಹಿಂದೂಪುರದ ನನ್ನಕ್ಕನ ಮನೆಗೆ ಬರಬೇಕು. ನಡುಮನೆಯಲ್ಲಿ ಮಾತ್ರ ಸ್ವಲ್ಪ ನೋಡಿಕೊಂಡು ಕಾಲಿಡಿ, ಅಲ್ಲೊಂದು ಗುಂಡಿಯಿದೆ.

ಅದು ಮಗ್ಗದ ಗುಂಡಿ. ಅಕ್ಕ ಸೇರಿದ್ದು ನೇಕಾರರ ಮನೆ. ಅಕ್ಕನ ಮಾವ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನಲವತ್ತು ವರ್ಷ ಸೀರೆ ನೇಯ್ದವರು. ಅವರ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿದವರು ಅತ್ತೆ. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ಅದಕ್ಕೆ ನೂಲನ್ನು ಒಂದೇ ಬಿಗಿಯಲ್ಲಿ ಸುತ್ತಬೇಕು. ಬಿಗಿ ಹೆಚ್ಚು ಕಡಿಮೆಯಾದರೆ ಸೀರೆಯೇ ಹೇಳಿಬಿಡುತ್ತದೆಯಂತೆ. ಅಕ್ಕನ ಅತ್ತೆ ಎಂದು ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತೇನೆ.

ಮಾವ ಹೋದ ಮೇಲೆ ಮಗ್ಗ ನಿಂತಿತು. ಭಾವ ಪವರ್‌ಲೂಮುಗಳ ರಿಪೇರಿ ಮಾಡುವವರು. ಯಂತ್ರದ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲವರು. ಅವರಿಗೊಂದೇ ಹುಚ್ಚು, ಕಾರು. ಓಟಕ್ಕೆ ಹೆಸರಾದ ಒಂದು ಹಳೆಯ ಕೆಂಪು ಪೆಟ್ರೋಲ್ ಕಾರನ್ನು ಎಲ್ಲಿಂದಲೋ ತಂದರು. ನಿಲ್ಲಿಸಲು ಜಾಗವಿರಲಿಲ್ಲ. ಒಂದು ದಿನ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು, ಬೀದಿ ಕಡೆಯ ಗೋಡೆ ಒಡೆಸಿ ಶಟರ್ ಇಡಿಸಿದರು, ನಡುಮನೆಗೇ ಕಾರು ತಂದು ನಿಲ್ಲಿಸಿದರು. ಅಮ್ಮನನ್ನು ಒಂದು ಮಾತು ಕೇಳಲಿಲ್ಲ.

ಅಂದಿನಿಂದ ಅತ್ತೆ ಮಗನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಅಳುವಿಲ್ಲ, ಮಾತೂ ಇಲ್ಲ. ತಟ್ಟೆಗೆ ಬಡಿಸುತ್ತಿದ್ದರು, ಬಡಿಸುತ್ತಾ ಗೋಡೆಯ ಕಡೆಗೆ ತಿರುಗಿ, "ಇನ್ನೊಂದು ಮುದ್ದೆ ಬೇಕೇನೋ ಕೇಳಮ್ಮ ನಿನ್ ಗಂಡನ್ನ" ಎಂದು ಸೊಸೆಗೆ ಹೇಳುತ್ತಿದ್ದರು. ಭಾವನೂ ಹೆಂಡತಿಯ ಮೂಲಕವೇ ಉತ್ತರ ಕಳಿಸುತ್ತಿದ್ದರು. ಎರಡು ವರ್ಷ ನಮ್ಮಕ್ಕ ಆ ಮನೆಯ ಟೆಲಿಫೋನ್ ಎಕ್ಸ್‌ಚೇಂಜ್ ಆಗಿದ್ದಳು. ಹೊರಗಿನವರಿಗೆ ಇದು ತಮಾಷೆ. ಅಕ್ಕ ಮಾತ್ರ ನನ್ನೆದುರು ಒಂದೆರಡು ಸಲ ಕಣ್ಣೊರೆಸಿಕೊಂಡಿದ್ದಳು.

ಐದು ವರ್ಷದ ಹಿಂದಿನ ಆ ಬೇಸಿಗೆ ರಜದಲ್ಲಿ ನಾನು ಹೋದಾಗ ಭಾವ ಕಾರಿಗೆ ಹೆಡರ್ ಹಾಕುವ ಸಂಭ್ರಮದಲ್ಲಿದ್ದರು. ಎಂಜಿನ್ನಿಗೆ ನಾಲ್ಕು ಬಾಯಿ, ನಾಲ್ಕರಿಂದಲೂ ಹೊಗೆ ಬರುತ್ತದೆ. ಕಂಪನಿಯವರು ಅಲ್ಲಿಗೊಂದು ಬೀಡುಕಬ್ಬಿಣದ ಗಡ್ಡೆ ಹಾಕಿರುತ್ತಾರೆ, ನಾಲ್ಕೂ ಹೊಗೆ ಅದರೊಳಗೆ ಒಂದನ್ನೊಂದು ತಳ್ಳಾಡಿಕೊಂಡು ಹೊರಬೀಳುತ್ತವೆ. ಹೆಡರಿನಲ್ಲಿ ಒಂದೊಂದು ಬಾಯಿಗೂ ಒಂದೊಂದು ಕೊಳವೆ, ನಾಲ್ಕೂ ಒಂದೇ ಉದ್ದ, ಬಳಸಿಕೊಂಡು ಬಂದು ಕೊನೆಗೆ ಕೂಡುತ್ತವೆ. ಎಂಜಿನ್ ಸರಾಗವಾಗಿ ಉಸಿರು ಬಿಡುತ್ತದೆ, ಕಾರು ಚುರುಕಾಗುತ್ತದೆ. ಭೌತಶಾಸ್ತ್ರದ ಮೇಷ್ಟ್ರಾಗಿ ನಾನಿದನ್ನು ಬೋರ್ಡಿನ ಮೇಲೆ ಚೆನ್ನಾಗಿ ವಿವರಿಸಬಲ್ಲೆ. ಅಂದು ನನಗೆ ಒಪ್ಪಿಸಿದ್ದ ಕೆಲಸ ಟಾರ್ಚ್ ಹಿಡಿಯುವುದು. ಅದನ್ನೂ ಅರ್ಧ ಹೊತ್ತು ಭಾವನ ಕಣ್ಣಿಗೇ ಹಿಡಿದಿದ್ದೆ.

ಭಾವ ಗುಂಡಿಯನ್ನು ಮುಚ್ಚಿಸಿರಲಿಲ್ಲ, ಮೇಲೆ ಹಲಗೆ ಹಾಕಿದ್ದರು ಅಷ್ಟೆ. ಈಗ ಹಲಗೆ ತೆಗೆದು, ಕಾರಿನ ಮೂತಿಯನ್ನು ಗುಂಡಿಯ ಮೇಲೆ ತಂದು, ತಾವು ಒಳಗಿಳಿದರು. ಹಿಂದಿನ ದಿನವೇ ಎಣ್ಣೆ ಕುಡಿಸಿಟ್ಟಿದ್ದ ತುಕ್ಕು ಹಿಡಿದ ನಟ್ಟುಗಳನ್ನು ಒಂದೊಂದಾಗಿ ಕರಗಿಸಿದಂತೆ ಬಿಡಿಸಿದರು. ಒಂದನ್ನೂ ಮುರಿಯಲಿಲ್ಲ. ಜೋರು ಮಾಡದ ಆ ಕೈಯನ್ನು ನೋಡುತ್ತಾ ಟಾರ್ಚ್ ಎಲ್ಲಿಗೆ ಹಿಡಿದಿದ್ದೇನೆ ಎಂಬುದೇ ನನಗೆ ಮರೆತುಹೋಗಿತ್ತು. ಹಳೆಯ ಗಡ್ಡೆ ಕೆಳಗಿಳಿದ ಮೇಲೆ ಕಾರನ್ನು ಹಿಂದಕ್ಕೆ ತಳ್ಳಿದೆವು.

ಹೊಸ ಹೆಡರನ್ನು ಕೂರಿಸುವ ಮೊದಲು ಅದಕ್ಕೆ ಗಾಜಿನ ನೂಲಿನ ಪಟ್ಟಿ ಸುತ್ತಬೇಕು, ಕಾವು ಹೊರಗೆ ಬಾರದ ಹಾಗೆ. ಭಾವ ಗುಂಡಿಯ ಅಂಚಿನಲ್ಲಿ ಕೂತರು, ಕಾಲು ಒಳಗೆ ಇಳಿಬಿಟ್ಟರು, ಹೆಡರನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತತೊಡಗಿದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದುದನ್ನು ನಾನು ನೋಡಿದ್ದು ಆಗ. ಅವರ ಗಂಡ ಕೂರುತ್ತಿದ್ದ ಜಾಗ, ಕೂರುತ್ತಿದ್ದ ರೀತಿ. ಬಹಳ ಹೊತ್ತು ನೋಡಿದರು. ಆಮೇಲೆ ಅವರ ದೃಷ್ಟಿ ಮಗನ ಕೈಗೆ ಇಳಿಯಿತು.

"ಸಡಿಲ ಬಿಟ್ಬುಟ್ಟಿದ್ದೀಯ ಕಣ್ಲಾ. ಬಿಚ್ಚು."

ಭಾವ ತಲೆಯೆತ್ತಲಿಲ್ಲ. ಬಿಚ್ಚಿದರು. ಒಳಗೆ ಅಕ್ಕನ ಕೈಯಿಂದ ಏನೋ ಜಾರಿ ಬಿದ್ದ ಸದ್ದಾಯಿತು.

ಅತ್ತೆ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. "ಇದ್ಯಾತಕ್ಕೆ ಸುತ್ತೋದು?" ಎಂದು ನನ್ನನ್ನು ಕೇಳಿದರು. ಉಷ್ಣದ ಪಾಠ ಶುರು ಮಾಡಿದೆ. ಎರಡನೆಯ ವಾಕ್ಯಕ್ಕೇ ತಡೆದು, "ಬಾಣಂತಿ ಕಿವಿಗೆ ಬಟ್ಟೆ ಕಟ್ದಂಗೆ ಅನ್ನು" ಎಂದರು. ಇಪ್ಪತ್ತು ವರ್ಷದಿಂದ ನಾನು ಹುಡುಕುತ್ತಿದ್ದ ಉದಾಹರಣೆ ಅದು. ಈಗ ಪ್ರತಿ ವರ್ಷ ತರಗತಿಯಲ್ಲಿ ನನ್ನದೇ ಎಂಬಂತೆ ಹೇಳುತ್ತೇನೆ.

ಪಟ್ಟಿಯ ಜೊತೆ ಬಂದಿದ್ದ, ಭಾವ ಬಿಚ್ಚಿಯೂ ನೋಡಿರದ ಚೀಟಿಯನ್ನು ಓದಿದೆ, ಸುತ್ತುವ ಮೊದಲು ನೀರಿನಲ್ಲಿ ನೆನೆಸಿ ಎಂದಿತ್ತು. ಅತ್ತೆ ಪಟ್ಟಿಯ ಸುರುಳಿಯನ್ನು ಎತ್ತಿಕೊಂಡು ಒಳಗೆ ಹೋದವರು ತಪ್ಪಲೆಯೊಂದಿಗೆ ಬಂದರು. ತಪ್ಪಲೆಯಲ್ಲಿ ಬೆಳ್ಳಗಿನ ಗಂಜಿ. "ಗಂಜಿ ಕಾಣ್ದಿರೋ ನೂಲು ನಿಲ್ತದಾ?" ಎಂದು ಪಟ್ಟಿಯನ್ನು ಅದರೊಳಗೆ ಮುಳುಗಿಸಿದರು. ನಾನು ಗಾಬರಿಯಾದೆ. "ಭಾವ, ನೀರು ಅಂತ ಬರ್ದವ್ರೆ, ಬರೀ ನೀರು" ಎಂದು ಚೀಟಿ ಚಾಚಿದೆ. ಭಾವ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ನನ್ನ ಕಿವಿಯ ಹತ್ತಿರ, "ಸುಮ್ನಿರಯ್ಯ ಮೇಷ್ಟ್ರೇ. ಎರಡು ವರ್ಷ ಆದ್ಮೇಲೆ ಮಾತಾಡವ್ಳೆ" ಎಂದರು.

ಆಮೇಲೆ ಅತ್ತೆ ಸುತ್ತಿದರು. ನನ್ನ ಜನ್ಮದಲ್ಲಿ ಅಂಥ ಕೈಕೆಲಸ ನೋಡಿಲ್ಲ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ, ಕೂದಲೆಳೆ ಆಚೀಚೆ ಆಗದೆ ಕೂರುತ್ತಿತ್ತು. ಬಾಗು ಬಂದಲ್ಲಿ ಹೆಬ್ಬೆರಳು ತಾನಾಗಿ ಹೊರಳಿ ಮಡಿಕೆಯನ್ನು ತಿದ್ದುತ್ತಿತ್ತು. ಗಾಜಿನ ನೂಲು ಕೈಗೆ ನವೆ ತರುತ್ತದೆ, ಗ್ಲೌಸ್ ಹಾಕಿಕೊಳ್ಳಿ ಎಂದರೆ, "ಕೈಗೆ ಬಟ್ಟೆ ಕಟ್ಕಂಡ್ರೆ ಬಿಗಿ ಹೆಂಗಪ್ಪ ತಿಳೀತದೆ?" ಎಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡರು. ಭಾವ ಹೆಡರನ್ನು ತಿರುಗಿಸಿ ಹಿಡಿಯುವುದು, ಅತ್ತೆ ಸುತ್ತುವುದು. ಎರಡು ವರ್ಷ ಮಾತು ಬಿಟ್ಟವರ ಕೈಗಳು ಹೀಗೆ ಹೊಂದಿಕೊಂಡದ್ದನ್ನು ನೋಡುತ್ತಾ ನಿಂತೆ. ಟಾರ್ಚ್ ಉರಿಯುತ್ತಲೇ ಇತ್ತು, ಮಟಮಟ ಮಧ್ಯಾಹ್ನ.

ಸಂಜೆ ಹೆಡರ್ ಕೂತಿತು. ಭಾವ ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನ ನಟ್ಟಿನಿಂದ ಶುರುಮಾಡಿ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಬಿಗಿದರು. ಕಾರನ್ನು ಬೀದಿಗಿಳಿಸಿ ಚಾಲೂ ಮಾಡಿದರು. ಎಂಜಿನ್ ಗುರುಗುಟ್ಟಿತು, ಇಂಪಾಗಿಯೇ ಇತ್ತು. ಐದು ನಿಮಿಷಕ್ಕೆ ಬಾನೆಟ್ಟಿನ ಸಂದಿಗಳಿಂದ ದಟ್ಟ ಹೊಗೆ. ಜೊತೆಗೆ ಸೀದ ಗಂಜಿಯ ವಾಸನೆ, ಬೀದಿ ತುಂಬ. ಎದುರು ಮನೆಯಾಕೆ, "ಏಮಮ್ಮಾ, ಗಂಜಿ ಪೊಯ್ಯಿ ಮೀದ ಪೆಟ್ಟಿ ಮರ್ಚಿಪೋಯಿನಾವಾ?" ಎಂದು ಕೂಗಿದಳು. ಒಲೆಯ ಮೇಲಿಟ್ಟು ಮರೆತೆಯಾ ಎಂದು. ನಾಲ್ಕಾರು ಜನ ಸೇರಿದರು, ನಕ್ಕರು.

ಅತ್ತೆ ನಗಲಿಲ್ಲ. ಅವರ ಮುಖ ಸಣ್ಣದಾಗಿತ್ತು. "ನಾನೇನಾರಾ ಕೆಡಿಸ್ಬುಟ್ನೇನ್ಲಾ?" ಎಂದರು. ಭಾವನ ಬಾಯಿಂದ ಈಗ ಒಂದು ಕೆಟ್ಟ ಮಾತು ಹೊರಬಿದ್ದರೆ ಮುಗಿಯಿತು, ಅತ್ತೆ ಮತ್ತೆ ಗೋಡೆಯ ಕಡೆ ತಿರುಗುತ್ತಾರೆ ಎಂದು ಹೆದರಿದೆ. ತಿಂಗಳುಗಟ್ಟಲೆ ಕಾದು ತರಿಸಿದ ಹೆಡರು ಅದು.

ಭಾವ ಹೊಗೆಯನ್ನೊಮ್ಮೆ ಮೂಸಿದರು. "ಹೊಸ ಸೀರೆ ಗಂಜಿ ವಾಸ್ನೆ ಬರಲ್ವೇನಮ್ಮ? ಒಂದು ಒಗೆತ ಆದ್ರೆ ಹೋಯ್ತದೆ. ಕಾರ್ ಹತ್ತು, ಒಂದು ರೌಂಡು ಹೋಗಿ ಬರಾನ" ಎಂದು ಮುಂದಿನ ಬಾಗಿಲು ತೆಗೆದರು.

ಅತ್ತೆ ಸೆರಗು ಸರಿಮಾಡಿಕೊಂಡು ಹತ್ತಿದರು. ಅಕ್ಕನೂ ನಾನೂ ಹಿಂದೆ. ಹೈವೇ ಮೇಲಿನ ಕೊಡಿಕೊಂಡದವರೆಗೆ ಹೋದೆವು. ದಾರಿಯುದ್ದಕ್ಕೂ ವಾಸನೆ ಕಡಿಮೆಯಾಗುತ್ತಾ ಬಂತು, ಮಾತು ಹೆಚ್ಚಾಗುತ್ತಾ ಹೋಯಿತು. ಢಾಬಾದಲ್ಲಿ ಟೀ ಕುಡಿಯುವಾಗ ಅತ್ತೆ, "ಅಟ್ಟದ್ ಮೇಲೆ ಮಗ್ಗಕ್ಕೆ ಹುಳ ಹಿಡಿದಾತು, ಎಣ್ಣೆ ಹಚ್ಲಾ" ಎಂದು ಮಗನಿಗೆ ಹೇಳಿದರು. ಮಗನಿಗೇ, ನೇರವಾಗಿ. ಅಕ್ಕ ಲೋಟ ಕೆಳಗಿಟ್ಟು ಹೈವೇ ಕಡೆ ತಿರುಗಿ ನಿಂತಳು.

ಪಟ್ಟಿಯ ಆ ಸುತ್ತು ಐದು ವರ್ಷ ಸಡಿಲವಾಗಲಿಲ್ಲ. ಗಂಜಿ ಮೊದಲ ದಿನವೇ ಸುಟ್ಟುಹೋಗಿರುತ್ತದೆ, ನಿಂತದ್ದು ಅತ್ತೆಯ ಕೈ ಎಂದು ಶಾಸ್ತ್ರ ಓದಿದ ನನಗೆ ಗೊತ್ತು. ಈಚೆಗೆ ಪಟ್ಟಿ ಹಳತಾಗಿ ಉದುರತೊಡಗಿತ್ತು. ಅತ್ತೆ ಕಣ್ಣಿನ ಆಪರೇಷನ್ನಿಗೆಂದು ಕಲ್ಯಾಣದುರ್ಗಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದಾರೆ. ಹಾಗಾಗಿ ಮೊನ್ನೆ ಭಾವ ಹೆಡರನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ, ಹೊಸ ಪಟ್ಟಿಯ ಜೊತೆ ಬಸ್ಸಿನಲ್ಲಿ ತಂದರು. "ಅಮ್ಮನ ಕಣ್ಣಿಗೆ ಆಯಾಸ ಆಗ್ಬಾರ್ದು. ಅವಳು ಹೇಳ್ತಾಳೆ, ನೀನು ಸುತ್ತು" ಎಂದು ನನಗೊಪ್ಪಿಸಿ ಮರುಬಸ್ಸಿಗೆ ಹೊರಟರು.

ನಿನ್ನೆಯ ಗಂಜಿ ಅದಕ್ಕೆ. ಚೀಟಿ ಈ ಸಲವೂ ಇತ್ತು, ಬರೀ ನೀರು ಎಂದೇ ಇತ್ತು. ಓದಿ, ಮಡಚಿ, ಜೇಬಿಗೆ ಹಾಕಿಕೊಂಡೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಜಗಲಿಯಲ್ಲಿ ಕೂತು ಎರಡು ಗಂಟೆ ಕಷ್ಟಪಟ್ಟು ಮೊದಲ ಕೊಳವೆ ಮುಗಿಸಿದೆ. ಚೆನ್ನಾಗಿಯೇ ಬಂದಿದೆ ಎನ್ನಿಸಿತು. ಕಪ್ಪು ಕನ್ನಡಕ ಹಾಕಿ ಎದುರಿಗೆ ಕೂತಿದ್ದ ಅತ್ತೆ ಕೈ ಚಾಚಿ, ಕೊಳವೆಯ ಈ ತುದಿಯಿಂದ ಆ ತುದಿಗೆ ಹೆಬ್ಬೆರಳು ಎಳೆದರು. ನಡುವೆ ಒಂದು ಕಡೆ ಬೆರಳು ನಿಂತಿತು.

"ಸಡಿಲ ಬಿಟ್ಬುಟ್ಟಿದ್ದೀಯ ಕಣಪ್ಪ" ಎಂದರು. "ಬಿಚ್ಚು."

ಬಿಚ್ಚಿದೆ.