ಹನುಮಕ್ಕ ಹೇಳಿಕೊಟ್ಟ ‘ಕ್ರಮೇಣ’

ಗೆಳೆಯರೇ, ಆದೋನಿಯ ಶಾಲೆಯಲ್ಲಿ ಹತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವ ನನಗೆ, ಚರಕದ ನೂಲಿಗೆ ನೀಲಿ ಹಾಕುವ ಹನುಮಕ್ಕ ಇವತ್ತು ಒಂದು ಪದದ ಅರ್ಥ ಹೇಳಿಕೊಟ್ಟರು.

ಮಗಳನ್ನು ಓದಿಸುವ ಆಸೆಯಿಂದ ಬೆಳಿಗ್ಗೆ ಬಂದವರೇ ಶಾಲೆಯ ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದರು. “ಇದರಾಗ ಏನು ಬರದೈತ್ರಿ, ಅಯ್ಯೋರೇ?”

“ಹೆಣ್ಣುಮಕ್ಕಳನ್ನು ಕ್ರಮೇಣ ಸೇರಿಸಿಕೊಳ್ಳಲಾಗುವುದು ಅಂತ ಐತಮ್ಮ.”

ಬಿಳಿಯರು ಸ್ವರಾಜ್ಯವನ್ನು ಕ್ರಮೇಣ ಕೊಡುತ್ತೇವೆ ಎಂದಾಗಲೆಲ್ಲ ಕೆರಳುವ ನಮ್ಮ ಶಾಲಾ ಸಮಿತಿಯವರೇ ಇದನ್ನು ಬರೆಸಿದ್ದು. ಆ ಪದ ಹುಡುಕಿ ಕೊಟ್ಟವನು ನಾನು.

“ಹೋದ ವರ್ಷಾನೂ ಇದನ್ನೇ ಓದಿ ಹೇಳಿದ್ರಿ. ಕ್ರಮೇಣ ಅಂದ್ರೇನ್ರಿ?”

“ಮೆಲ್ಲಕ, ಸ್ವಲ್ಪ ಸ್ವಲ್ಪ ಆಗೋದು. ನಿನ್ನ ನೂಲು ನೀಲಿ ಆಗತೈತಲ್ಲ, ಹಂಗ.” ಉದಾಹರಣೆ ಚೆನ್ನಾಗಿ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ.

ಹನುಮಕ್ಕ ಮೊಣಕೈವರೆಗೆ ನೀಲಿಯಾದ ತಮ್ಮ ಕೈ ನೋಡಿಕೊಂಡರು. “ಒಂದು ಸಲ ಅದ್ದಿದ್ರ ತೆಳು ನೀಲಿ. ಎತ್ತಿ ಗಾಳಿಗೆ ಹಿಡಿದು ಮತ್ತ ಅದ್ದಬೇಕ್ರಿ. ಏಳು ಸಲಕ್ಕ ಕರಿ ನೀಲಿ ಆಗತೈತಿ. ಬಿಳಿ ನೂಲು ಹಗ್ಗದ ಮ್ಯಾಲ ಹಾಕಿ ವರ್ಷಗಟ್ಟಲೆ ಕುಂತ್ರ ಅದು ಮೆಲ್ಲಕ ನೀಲಿ ಆಗಂಗಿಲ್ರಿ. ಧೂಳು ಹಿಡಿತೈತಿ, ಅಷ್ಟೇ.”

ನಾನು ಒಳಗೆ ಹೋಗಿ ಹಾಜರಿ ಪುಸ್ತಕ ತಂದೆ.

“ನಿನ್ನ ಮಗಳ ಹೆಸರೇನಮ್ಮ?”

“ಈರಮ್ಮ.”

“ಕರಕೊಂಡು ಬಾ. ಇವತ್ತೇ ಒಂದು ಸಲ ಅದ್ದೋಣ.”

ಮಧ್ಯಾಹ್ನದ ಹೊತ್ತಿಗೆ ಈರಮ್ಮ ಮುಂದಿನ ಸಾಲಿನಲ್ಲಿ ಕೂತು ಅ, ಆ ತಿದ್ದುತ್ತಿದ್ದಳು. ಸಮಿತಿಯವರಿಗೆ ಇನ್ನೂ ಹೇಳಿಲ್ಲ. ಕ್ರಮೇಣ ತಿಳಿಸುತ್ತೇನೆ.