ಗುರಮ್ಮನ ಪೈಪು ಎಡಕ್ಕೆ ಬಂತು

ಬೆಳಗಿನ ಆರು ಗಂಟೆ. ಸೋಲಾಪುರದ ಬಳಿಯ ಚಿಂಚೋಳಿ ಎಂಐಡಿಸಿ ಕಾರ್ಖಾನೆಗಳ ಮೊದಲ ಪಾಳಿಯವರು ಹೋಗುವ ಹೊತ್ತಿಗೆ, ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ ಕಲ್ಲಣ್ಣ ದೊಡ್ಡ ಬಾಣಲೆಯಲ್ಲಿ ಏನನ್ನೋ ಹುರಿಯುತ್ತಿರುತ್ತಾರೆ. "ಶೇಂಗಾ ಏನ್ರಿ ಕಾಕಾ?" ಎಂದು ಒಬ್ಬರಾದರೂ ಕೇಳದೆ ಹೋಗುವುದಿಲ್ಲ.

"ಉಸುಕ ಐತಿ. ತಿಂತೀ ಏನ?"

ಆ ಉಸುಕು ಹೆಂಡತಿ ಗುರಮ್ಮನವರಿಗೆ. ಸೈಲೆನ್ಸರ್ ಪೈಪನ್ನು ಬಾಗಿಸುವ ಮೊದಲು ಅದರೊಳಗೆ ಉಸುಕನ್ನು ಗಿಡಿಯಬೇಕು. ಇಲ್ಲದಿದ್ದರೆ ಬಾಗಿದ ಕಡೆ ಪೈಪು ಚಪ್ಪಟೆಯಾಗಿ, ಹೊಗೆಯ ದಾರಿ ಇಕ್ಕಟ್ಟಾಗಿ, ಇಂಜಿನ್ನಿನ ಉಸಿರು ಕಟ್ಟುತ್ತದೆ. ಉಸುಕಿನಲ್ಲಿ ಹಸಿ ಉಳಿದರೆ ಕಾಯಿಸುವಾಗ ಸಿಡಿಯುತ್ತದೆ. ಅದಕ್ಕೇ ಹುರಿಯುವುದು. ಗ್ಯಾಸಿನ ಉರಿಗೆ ಪೈಪು ಕೆಂಪಾಗುತ್ತಲೇ ಗುರಮ್ಮ ಸೆರಗು ಸಿಕ್ಕಿಸಿಕೊಂಡು, ಒಂದೇ ದಮ್ಮಿನಲ್ಲಿ ಅದನ್ನು ಬಾಗಿಸುತ್ತಾರೆ.

ಐವತ್ತೆರಡರ ಗುರಮ್ಮನವರ ತವರು ಅಕ್ಕಲಕೋಟ ತಾಲೂಕಿನ ತಡವಳ. ಹದಿನೆಂಟು ವರ್ಷದ ಹಿಂದೆ ವೆಲ್ಡಿಂಗ್ ಬೆಳಕಿಗೆ ಗಂಡನ ಕಣ್ಣು ಮಂಜಾಯಿತು. ಅಂದಿನಿಂದ ಕೆಲಸವೆಲ್ಲ ಇವರದೇ. ದಿನಕ್ಕೆ ಆರೋ ಏಳೋ ಸೈಲೆನ್ಸರ್. ಬಲಗೈ ಮೊಣಕೈ ಈಗ ಪೂರ್ತಿ ಚಾಚುವುದಿಲ್ಲ.

"ಬ್ಯಾರೆ ಗಂಡಸಾಗಿದ್ರ ಶೆಡ್ಡಿಗಿ ಕೀಲಿ ಹಾಕ್ತಿದ್ದ. ಇವರು ನನ್ನ ಕೈಯಾಗ ಉರಿ ಕೊಟ್ಟು ಕಲಿಸ್ಯಾರ," ಎನ್ನುತ್ತಾರೆ.

"ಕಲಿಸಿದ್ದು ಎಲ್ಲಿ? ನಾ ಬೈಸ್ಕೊಂಡಿದ್ದಽ ಹೆಚ್ಚ," ಎಂದು ಕಲ್ಲಣ್ಣ ನಗುತ್ತಾರೆ.

ಗುರಮ್ಮನವರದು ಒಂದೇ ಕಟ್ಟುನಿಟ್ಟು: ಪೈಪು ಬಲಕ್ಕೇ ಇರಬೇಕು. ಮದುವೆಯ ಹೊಸದರಲ್ಲಿ, ಎರಡೂ ಕಡೆ ಸೈಲೆನ್ಸರ್ ಇದ್ದ ಹಳೇ ಬೈಕಿನ ಮೇಲೆ ಎಡಕ್ಕೆ ಕಾಲು ಇಳಿಬಿಟ್ಟು ಕೂತಿದ್ದಾಗ ಸೀರೆಯ ಅಂಚೂ ಮೀನಖಂಡವೂ ಸುಟ್ಟಿದ್ದವು. ಕಲೆ ಇನ್ನೂ ಇದೆ. ಅಂದಿನಿಂದ ಅವರ ಕೈ ತಾನಾಗಿ ಬಲಕ್ಕೇ ಹೋಗುತ್ತದೆ.

ಆ ಕೈರೂಢಿಯೇ ಮೊನ್ನೆ ಅವರ ಮಾನ ತೆಗೆಯುವುದರಲ್ಲಿತ್ತು. ಸೋಲಾಪುರದ ಜವಳಿ ವ್ಯಾಪಾರಸ್ಥರ ಮಗ ಸೋಮೇಶ, ಗೆಳೆಯ ಅಮೋಲ್ ಜತೆ ಸೇರಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದ್ದಾನೆ. ಕುರನೂರ ದಾರಿಯ ಬಯಲಲ್ಲಿ ದುಂಡನೆಯ ಮಣ್ಣಿನ ಟ್ರ್ಯಾಕು, ಅಲ್ಲೇ ರೇಸು. ಪೈಪು ಗುರಮ್ಮ ಹಾಕಿದ್ದು, ಬಲಕ್ಕೆ, ಕೆಳಗೆ. ನಾಲ್ಕು ಸುತ್ತಿಗೆ ಇಂಜಿನ್ ಮುಕ್ಕರಿಯತೊಡಗಿತು.

"ಮಾವಶಿ, ಐತವಾರ ರೇಸ್ ಐತಿ. ಪುಣೆಯಿಂದ ರೆಡಿಮೇಡ್ ತರ್ತೀವಿ, ಇದನ್ನ ತಗದು ಕೊಡ್ರಿ," ಎಂದ, ಅವರನ್ನು ಮರಾಠಿ ರೂಢಿಯಂತೆ ಚಿಕ್ಕಮ್ಮನೆಂದು ಕರೆಯುವ ಅಮೋಲ್. ಒಬ್ಬ ಹೋದರೆ ಆ ಟ್ರ್ಯಾಕಿನ ಉಳಿದ ಹುಡುಗರೂ ಹೋಗುತ್ತಾರೆ. ಅದಕ್ಕಿಂತ, ತನ್ನ ಪೈಪು ಕೆಟ್ಟಿತೆಂಬ ಮಾತು ಗುರಮ್ಮನವರಿಗೆ ನುಂಗಲಾಗಲಿಲ್ಲ.

ಪೈಪು ಬಿಚ್ಚಿ ಕೊಡವಿದರೆ ಮುಷ್ಟಿಯಷ್ಟು ಮಣ್ಣು ಬಿತ್ತು.

"ಟ್ರ್ಯಾಕ್ ತೋರ್ಸ್ ನಡಿ," ಎಂದರು ಸೋಮೇಶನಿಗೆ.

ಬಯಲಲ್ಲಿ ಟೈರಿನ ಗುರುತು ನೋಡುತ್ತ ಒಂದು ಸುತ್ತು ನಡೆದರು. ಎಲ್ಲ ತಿರುವೂ ಎಡಕ್ಕೇ. ತಿರುಗುವಾಗ ಕಾರು ಬಲಕ್ಕೆ ವಾಲುತ್ತದೆ, ಹಿಂಭಾಗ ಜಾರಿ ಹೊರಗಿನ ಮಣ್ಣಿನ ಒಡ್ಡಿಗೆ ತಾಗುತ್ತದೆ. ಪೈಪಿನ ಬಾಯಿ ಸಲಿಕೆಯ ಹಾಗೆ ಮಣ್ಣು ಗೋರುತ್ತಿತ್ತು.

"ತಪ್ಪು ನಂದಽ, ತಮ್ಮಾ. ನಿನ್ನ ಕಾರಿನ್ಯಾಗ ಸೀರಿ ಉಟ್ಟವರು ಯಾರೂ ಕೂಡೂದಿಲ್ಲ ಅನ್ನೂದು ನನ್ನ ತಲ್ಯಾಗ ಬರಲಿಲ್ಲ ನೋಡು."

ಎರಡು ದಿನದಲ್ಲಿ ಹೊಸ ಪೈಪು ಎಡಕ್ಕೆ, ಮೇಲಕ್ಕೆ ಬಂತು. ಇಂಜಿನ್ನಿನ ಕಸುವು ಬದಲಾಗದಂತೆ, ಹಳೆಯದರ ಉದ್ದವನ್ನು ದಾರದಿಂದ ಅಳೆದು ಅಷ್ಟೇ ಉದ್ದ ಇಟ್ಟರು. ಎರಡೇ ಬಾಗು, ಎರಡೂ ಥಟ್ಟನೆ ತಿರುಗದೆ ನಿಧಾನವಾಗಿ ಬಳಸುವಂಥವು. ಆದರೆ ಸೋಮೇಶ ಕಾರು ಹತ್ತಿಳಿಯುವುದು ಎಡಗಡೆಯಿಂದ. ಗುರಮ್ಮ ಅವನನ್ನು ಶೆಡ್ಡಿನ ಮುಂದೆಯೇ ಹತ್ತು ಸಲ ಬಲಗಡೆಯಿಂದ ಹತ್ತಿಸಿ ಇಳಿಸಿದರು. ದಾರಿಹೋಕರು ನಿಂತು ನೋಡಿದರು. ಸೋಮೇಶ ನಾಚಿದ.

"ನಗೂವ್ರು ನಗ್ಲಿ. ಸುಡೂ ಕಾಲು ನಿಂದ."

ಐತವಾರದ ರೇಸಿನಲ್ಲಿ ಸೋಮೇಶ ಮೂರನೆಯವನಾದ. ಪೈಪಿನ ಬಾಯಲ್ಲಿ ಚಿಟಿಕೆ ಮಣ್ಣೂ ಇರಲಿಲ್ಲ. ಮರುದಿನ ಅಪ್ಪನ ಅಂಗಡಿಯ ಚಾದರವೊಂದನ್ನು ತಂದು ಕಲ್ಲಣ್ಣನವರ ಹೆಗಲಿಗೆ ಹೊದಿಸಿ, ಗುರಮ್ಮನವರ ಕಾಲಿಗೆ ಬಿದ್ದ. ಅಮೋಲ್ ಬರಿಗೈಯಲ್ಲಿ ಬಂದಿರಲಿಲ್ಲ. ಇನ್ನಿಬ್ಬರ ಕಾರಿನ ಅಳತೆ ತಂದಿದ್ದ. "ಪುಣೆ ದೂರ ಆಗ್ತೈತ್ರಿ ಮಾವಶಿ," ಎಂದು ತಲೆ ಕೆರೆದುಕೊಂಡ.

"ಯಾವ ಬಾಜೂದಿಂದ ಇಳದಿ?" ಎಂದಷ್ಟೇ ಗುರಮ್ಮ ಸೋಮೇಶನನ್ನು ಕೇಳಿದರು. ಅವನು ಪ್ಯಾಂಟು ಮೇಲೆತ್ತಿ ಸುಟ್ಟ ಕಲೆಯಿಲ್ಲದ ಕಾಲು ತೋರಿಸಿದ.

ರೇಸಿಗೆ ಗುರಮ್ಮ ಹೋಗಿರಲಿಲ್ಲ. ಮುಂದಿನ ಸಲ ಹೋಗುವ ಆಸೆಯಿದೆ, ಗಂಡನನ್ನು ಕರೆದುಕೊಂಡು.

"ಇವರಿಗಿ ಕಾರು ಕಾಣೂದಿಲ್ಲ. ಆದ್ರ ಪೈಪು ಎಲ್ಲಿ ಚಪ್ಪಟಿ ಆಗೈತಿ ಅಂತ ಸಪ್ಪಳದಾಗ ಹೇಳ್ತಾರ. ಟ್ರ್ಯಾಕಿನ ಬಾಜೂಕ ಕುಂಡ್ರಸಿ ಕೇಳಸ್ತೀನಿ. ಎಲ್ಲೂ ಚಪ್ಪಟಿ ಆಗಿಲ್ಲ ಅಂತ ಇವರ ಬಾಯಿಲೆ ಬಂದ್ರ ಸಾಕ್ರಿ ನನಗ."