ಮೂರನೆಯ ಪೋಷಕ ವಾಕ್ಯ

ಮೊನ್ನೆ ಸಂಜೆ ಮೊಮ್ಮಗಳು ಶಾಲೆಯಿಂದ ತಂದ ಹಾಳೆಯೊಂದನ್ನು ನನ್ನ ತೊಡೆಯ ಮೇಲಿಟ್ಟಳು. ಅದರಲ್ಲೊಂದು ರೈಲಿನ ಚಿತ್ರ. ಎಂಜಿನ್ನಿನಲ್ಲಿ ಮುಖ್ಯ ವಾಕ್ಯ ಬರೆಯಬೇಕು, ಮೂರು ಬೋಗಿಗಳಲ್ಲಿ ಅದಕ್ಕೆ ಮೂರು ಪೋಷಕ ವಾಕ್ಯ, ಹಿಂದಿನ ಗಾರ್ಡಿನ ಡಬ್ಬಿಯಲ್ಲಿ ಸಮಾಪ್ತಿ. ಅಲ್ಲಿಗೆ ಒಂದು ಪ್ಯಾರಾ ತಯಾರು. ವಿಷಯ, ಸಹಕಾರನಗರದ ನಮ್ಮ ಮನೆಯೆದುರಿನ ಪಾರ್ಕು. ಎರಡು ಬೋಗಿ ತುಂಬಿಸಿ ಪೆನ್ಸಿಲ್ ಕಚ್ಚುತ್ತ ಕೂತಳು.

"ತಾತ, ಇನ್ನೊಂದು ಗೊತ್ತಾಗ್ತಿಲ್ಲ."

"ಏನೋ ಒಂದು ಬರಿ. ನವಿಲು ಬರುತ್ತೆ ಅಂತ ಬರಿ."

"ಬರಲ್ವಲ್ಲ ತಾತ?"

"ಬರದಿದ್ರೆ ಏನೀಗ?"

ಅಂದ ಮೇಲೆ ಬಾಯಿ ಕಹಿಯಾಯಿತು. ಹೀಗೆ ಬೋಗಿ ತುಂಬಿಸುವ ವಿದ್ಯೆ ನನಗೆ ಹೊಸದಲ್ಲ. ಅದರಿಂದ ಒಬ್ಬರ ಕೆಲಸವನ್ನೇ ಕಳೆದವನು ನಾನು. ಕೂತಿದ್ದೀರಿ, ಹೇಳಿಬಿಡುತ್ತೇನೆ.

ನಾನು ಅಟ್ಟೂರಿನ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದೆ. ಬೋರ್ಡಿನ ಮೇಲೆ ಇಂಥದೇ ರೈಲು ಬರೆದು, ಹೊಗೆಯನ್ನೂ ಬಿಡಿಸಿ, ಪ್ಯಾರಾ ಕಲಿಸುತ್ತಿದ್ದೆ. ನೋಡಲು ಬಂದವರೆಲ್ಲ ತಲೆದೂಗುತ್ತಿದ್ದರು. ಮಕ್ಕಳು ಹಸುವಿನ ಬಗ್ಗೆ ಬರೆಯಲಿ, ಗ್ರಂಥಾಲಯದ ಬಗ್ಗೆ ಬರೆಯಲಿ, ಎಲ್ಲ ಒಂದೇ ತಟ್ಟೆಯ ಇಡ್ಲಿಗಳಂತೆ ಇರುತ್ತಿದ್ದವು. ಎಲ್ಲವೂ ಕೊನೆಗೆ "ಆದ್ದರಿಂದ" ಎಂಬಲ್ಲಿಗೆ ಬಂದು ಕೈಮುಗಿಯುತ್ತಿದ್ದವು. ಅದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ಆಗ ಬಂದವರು ಗಿರಿಜಾ ಮೇಡಂ. ಗದಗದ ಕಡೆಯವರು. ಗಂಡನಿಗೆ ಯಶವಂತಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇತ್ತ ಬಂದಿದ್ದರು. ಆರನೇ ತರಗತಿಯನ್ನು ಅವರಿಗೆ ಕೊಟ್ಟರು. ಒಂದು ದಿನ ವರಾಂಡದಲ್ಲಿ ಹೋಗುತ್ತಿದ್ದವನು ಅವರ ದನಿ ಕೇಳಿ ನಿಂತೆ. ರಕ್ಷಿತಾ ಎಂಬ ಹುಡುಗಿ ಎದ್ದು ತಾನು ಬರೆದದ್ದನ್ನು ಓದುತ್ತಿದ್ದಳು. "ಇವತ್ತು ನಮ್ಮ ಬೀದಿಗೆ ಟ್ಯಾಂಕರ್ ಬರಲಿಲ್ಲ. ಅಮ್ಮ ಪಕ್ಕದ ಮನೆಯಿಂದ ಒಂದು ಬಿಂದಿಗೆ ನೀರು ತಂದಳು. ಅದರಲ್ಲೇ ನಾವು ಮೂವರೂ ಮುಖ ತೊಳೆದೆವು. ಅಮ್ಮ ತೊಳೆಯಲಿಲ್ಲ."

ಓದಿ ಹುಡುಗಿ ನಿಂತೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಬಾಗಿಲಿನಿಂದಲೇ ಕೇಳಿದೆ, "ಸಮಾಪ್ತಿ ಎಲ್ಲಮ್ಮ? 'ಆದ್ದರಿಂದ ನೀರನ್ನು ಮಿತವಾಗಿ ಬಳಸಬೇಕು' ಅಂತ ಬರೀಬೇಕಲ್ವಾ?"

ಗಿರಿಜಾ ಮೇಡಂ ನನ್ನತ್ತ ತಿರುಗಿ ನಕ್ಕರು. "ಮುಗೀತಲ್ರಿ ಸರ. ಒಂದ ವಿಷಯ ಹಿಡದಾಳ, ಬಿಟ್ಟಿಲ್ಲ. ಇದ್ದಷ್ಟು ಹೇಳ್ಯಾಳ. ಮತ್ತೇನ್ ಬೇಕ್ರಿ?"

ಮಕ್ಕಳೂ ನಕ್ಕರು. ನನ್ನನ್ನು ನೋಡಿ ನಕ್ಕದ್ದಲ್ಲ ಅದು, ಖುಷಿಗೆ ನಕ್ಕದ್ದು. ಆದರೆ ಆ ವ್ಯತ್ಯಾಸ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಸ್ಟಾಫ್ ರೂಮಿಗೆ ಬಂದು ಚಹಾ ಕುಡಿಯದೆ ಕೂತೆ.

ಅದೇ ವರ್ಷ ಸುತ್ತಲಿನ ಅಪಾರ್ಟ್‌ಮೆಂಟುಗಳ ಕೆಲವು ಪೋಷಕರಿಂದ ದೂರು ಬಂತು. ಮಕ್ಕಳು ಮನೆಯಲ್ಲಿ "ಹೌದ್ರಿ", "ಬ್ಯಾಡ್ರಿ" ಎನ್ನುತ್ತಿದ್ದಾರಂತೆ. ಶಾಲೆಯ ಮಾಲೀಕರು ಅಟ್ಟೂರಿನ ಹಳೇ ಒಕ್ಕಲು ಮನೆತನದವರು. ಅವರೇಕಾಯಿ ಬೆಳೆಯುತ್ತಿದ್ದ ಹೊಲದಲ್ಲಿ ಶಾಲೆ ಎಬ್ಬಿಸಿದವರು. ಎಲ್ಲರೂ ಯಜಮಾನರು ಎನ್ನುತ್ತಿದ್ದೆವು. ಅವರು ನನ್ನನ್ನು ಕರೆಸಿದರು.

"ಮೇಷ್ಟ್ರೇ, ಪೇರೆಂಟ್ಸು ಇಂಗಿಂಗೆ ಅಂತವ್ರೆ. ಆಯಮ್ಮನ್ ಬಾಸೆ ಸರಿಯಿಲ್ವಂತೆ. ನೀವು ಹಿರೀಕರು, ನಾಕು ಮಾತು ಬರ್ದುಕೊಡಿ."

"ಇಂಗಿಂಗೆ" ಎನ್ನುವ ಬಾಯಿ ಇನ್ನೊಬ್ಬರ ಭಾಷೆ ಸರಿಯಿಲ್ಲ ಎಂದಾಗ ನಗು ಬರಬೇಕಿತ್ತು. ಬರಲಿಲ್ಲ. ನನಗೆ ಬಂದದ್ದು ಉತ್ಸಾಹ.

ಕೂತು ಬರೆದೆ. ಗಿರಿಜಾ ಅವರ ಬೋಧನೆಯಿಂದ ಮಕ್ಕಳ ಭಾಷಾಶುದ್ಧಿಗೆ ತೊಡಕಾಗಿದೆ ಎಂಬುದು ಮೊದಲ ವಾಕ್ಯ. ಅವರು ಪಾಠದಲ್ಲಿ ಆಡುನುಡಿ ಬಳಸುತ್ತಾರೆ, ಒಂದು. ನಿಗದಿತ ರೀತಿಯಲ್ಲಿ ಪ್ಯಾರಾ ಕಲಿಸುವುದಿಲ್ಲ, ಎರಡು. ಮೂರನೆಯದು ಸಿಗಲಿಲ್ಲ. ಎರಡೇ ಇದ್ದರೆ ಪ್ಯಾರಾ ಕುಂಟುತ್ತದಲ್ಲ? "ಹಲವು ಮಕ್ಕಳು ಅವರ ತರಗತಿಗೆ ಹೋಗಲು ಅಂಜುತ್ತಾರೆ" ಎಂದು ಬರೆದೆ. ಆಮೇಲೆ "ಆದ್ದರಿಂದ."

ಮಾರನೆಯ ವಾರ ಯಜಮಾನರು ಆ ಹಾಳೆಯನ್ನು ಗಿರಿಜಾ ಮೇಡಂ ಕೈಗೇ ಕೊಟ್ಟು, ಓದಿದ್ದೇನೆ ಎಂದು ರುಜು ಹಾಕಿಸಿಕೊಂಡು, ಕೆಲಸದಿಂದ ಬಿಡಿಸಿದರು. ಅವರು ಸ್ಟಾಫ್ ರೂಮಿಗೆ ಬಂದು ಕಪಾಟಿನಿಂದ ತಮ್ಮ ಪುಸ್ತಕಗಳನ್ನು ತೆಗೆದುಕೊಂಡರು. ನಾನು ಉತ್ತರಪತ್ರಿಕೆಗಳಲ್ಲಿ ಮುಖ ಹುದುಗಿಸಿದ್ದೆ. ಮೇಜಿನ ಬಳಿ ಬಂದು ನಿಂತರು.

"ಪ್ಯಾರಾ ಚಲೋ ಬರದೀರಿ ಸರ. ಮೂರನೇ ಮಾತು ಒಂದ ಸುಳ್ಳೈತಿ."

ಬೈಯಲಿಲ್ಲ. ಅಳಲೂ ಇಲ್ಲ. ಮಕ್ಕಳ ನೋಟ್‌ಬುಕ್ ತಿದ್ದುವಾಗ ಹೇಳುವಂತೆ ಹೇಳಿ ಹೋದರು. ಆರನೇ ತರಗತಿಗೆ ನಾನೇ ರೈಲು ಬಿಡಿಸಿದೆ. ರಕ್ಷಿತಾ ಆ ವರ್ಷವೆಲ್ಲ "ಆದ್ದರಿಂದ" ಬರೆದಳು. ನಾನೇ ಪೂರ್ತಿ ಅಂಕ ಕೊಟ್ಟೆ.

ಮೊನ್ನೆ ಮೊಮ್ಮಗಳು ಎದ್ದುಹೋದ ಮೇಲೆ, ಹಳೇ ಸಹೋದ್ಯೋಗಿಯೊಬ್ಬರಿಂದ ನಂಬರ್ ಪಡೆದು ಗಿರಿಜಾ ಮೇಡಂಗೆ ಫೋನ್ ಮಾಡಿದೆ. ಈಗ ಯಲಹಂಕದ ಮನೆಯಲ್ಲೇ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಾರೆ. ಬೇರೆ ಯಾವ ಶಾಲೆಯೂ ಕರೆಯಲಿಲ್ಲವಂತೆ. ನಾನು ತೊದಲಿದೆ. "ಮೇಡಂ, ಅವತ್ತು ಬರೆದದ್ದು ಸುಳ್ಳು."

ಅವರೆಂದರು, "ಅದು ನನಗ ಆವಾಗ್ಲೇ ಗೊತ್ತಿತ್ತಲ್ರಿ ಸರ. ನನಗ್ಯಾಕ ಹೇಳ್ತೀರಿ? ಅದನ್ನ ಓದಿ ನಂಬಿದವ್ರಿಗೆ ಹೇಳ್ರಿ." ಫೋನ್ ಇಟ್ಟರು.

ಮಾರನೆಯ ಬೆಳಿಗ್ಗೆ ಅಟ್ಟೂರಿಗೆ ಹೋದೆ. ಯಜಮಾನರಿಗೆ ಈಗ ಕಿವಿ ಮಂದ. ಅವರ ಮನೆಯ ಜಗಲಿಯಲ್ಲಿ ಕೂತು, ಬೀದಿಗೆಲ್ಲ ಕೇಳುವಂತೆ ಕೂಗಿ ತಪ್ಪೊಪ್ಪಿಕೊಂಡೆ. ಅವರು ಬಹಳ ಹೊತ್ತು ನೆನಪು ಮಾಡಿಕೊಂಡರು.

"ಆ ಗದಗದ್ ಮೇಡಮ್ಮಾ? ಅಯ್ಯೋ ಬುಡಿ ಮೇಷ್ಟ್ರೇ. ಪೇರೆಂಟ್ಸ್ ಬಾಯಿ ಮುಚ್ಚಿಸ್ಬೇಕಿತ್ತು, ಫೈಲಿಗೊಂದು ಕಾಗ್ದ ಬೇಕಿತ್ತು. ನೀವೇನ್ ಬರ್ದಿದ್ರೋ, ನಾನೆಲ್ಲಿ ಓದ್ದೆ? ಕಾಪಿ ಕುಡೀರಿ."

ಅಲ್ಲಿಂದ ಎದ್ದು ಬಸ್ ಸ್ಟಾಪಿನವರೆಗೆ ನಡೆದೆ. ಅಷ್ಟು ಅಚ್ಚುಕಟ್ಟಾಗಿ ಬರೆದ ಆ ಪ್ಯಾರಾಕ್ಕೆ ಇದ್ದ ಓದುಗರು ಒಬ್ಬರೇ. ಅವರು ಪ್ರತಿ ವಾಕ್ಯವನ್ನೂ ಓದಿದ್ದರು.